ತಣ್ಣಗಾದ ಮೂಗು ಎಳೆದ ಗೆರೆ

ಮೊದಲೇ ಹೇಳಿಬಿಡುತ್ತೇನೆ. ದೆವ್ವ, ಗಾಳಿ, ಮೈಮೇಲೆ ಬರುವುದು ಇಂಥದ್ದನ್ನೆಲ್ಲ ನಾನು ನಂಬಿದವಳಲ್ಲ. ಮೈಸೂರಿನ ಅಶೋಕಪುರಂನ ನಮ್ಮ ಮನೆಯ ಗೋಡೆಗೆ ನಮ್ಮಪ್ಪ ಬುದ್ಧನ ಪಟ ಹಾಕಿದ ದಿನ ಉಳಿದ ಪಟಗಳನ್ನೆಲ್ಲ ಇಳಿಸಿ, ಇನ್ನು ಮೇಲೆ ಈ ಮನೆಯೊಳಗೆ ಹೆದರೋ ಮಾತು ಬೇಡ ಅಂದಿದ್ದ. ಪಕ್ಕದ ಬೀದಿಯ ಹೆಂಗಸೊಬ್ಬಳು ಒಂದು ಸಲ ತಲೆ ಕೆದರಿಕೊಂಡು ಕುಣಿಯುತ್ತಿದ್ದಾಗ ಎಲ್ಲರೂ ಕೈಮುಗಿದು ನಿಂತಿದ್ದರು. ನಾನು ಒಂದು ಚೊಂಬು ತಣ್ಣೀರು ತಂದು ಅವಳ ಮುಖಕ್ಕೆ ಎರಚಿದೆ. ಕುಣಿಯುವುದನ್ನು ನಿಲ್ಲಿಸಿ ಮನೆಗೆ ಹೋದಳು. ಆ ವಿಷಯದಲ್ಲಿ ನನ್ನ ತಿಳಿವಳಿಕೆ ಅಷ್ಟೇ ಇತ್ತು, ಅದು ಸಾಕೂ ಆಗಿತ್ತು.

ನಾನು ಓದಿದ್ದು ನಾಲ್ಕನೇ ಕ್ಲಾಸು. ಈಗ ಮೊಮ್ಮಕ್ಕಳ ನೋಟುಪುಸ್ತಕದ ಹಿಂದಿನ ಹಾಳೆಗಳಲ್ಲಿ ಇದನ್ನು ಬರೆಯುತ್ತಿದ್ದೇನೆ. ನಂಬಿ ಅಂತ ನಿಮ್ಮನ್ನು ಕೇಳಲ್ಲ. ಬೇರೆ ಯಾರಾದರೂ ನನ್ನ ಮುಂದೆ ಕೂತು ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ನಾನು ಊರಾಚೆಯ ಒಂದು ಚಿಕ್ಕ ಕಾರ್ಖಾನೆಯಲ್ಲಿ ಕಸ ಗುಡಿಸುವ ಕೆಲಸಕ್ಕೆ ಸೇರಿದ್ದೆ. ಮರದ ಸಾಮಾನಿಗೆ ಬಳಿಯುವ ವಾರ್ನಿಷ್ಷು, ಅದನ್ನು ತೆಳುವು ಮಾಡುವ ಥಿನ್ನರ್ರು, ಎರಡನ್ನೂ ಅಲ್ಲಿ ಮಾಡುತ್ತಿದ್ದರು. ಅಲ್ಲಿ ಮೊದಲ ವಾರ ಎಲ್ಲರಿಗೂ ತಲೆನೋವು. ಎರಡನೇ ವಾರ ಹೋಗುತ್ತದೆ. ಹೋಯ್ತಲ್ಲ ಅಂತ ಖುಷಿಪಡಬಾರದು, ಮೂಗು ಸತ್ತಿದೆ ಅಂತ ಅರ್ಥ. ಇದನ್ನು ನನಗೆ ಹೇಳಿಕೊಟ್ಟವರು ಶಿವಪ್ರಸಾದ್ ಸಾರ್.

ಸಾರ್ ಅಲ್ಲಿನ ಲ್ಯಾಬಿನ ಇಂಜಿನಿಯರ್ರು. ಮಠದಲ್ಲಿದ್ದುಕೊಂಡು ಓದಿದವರು, ಹಣೆಗೆ ಮೂರು ಬೆರಳು ವಿಭೂತಿ ಇಲ್ಲದೆ ಅವರನ್ನು ನಾನು ನೋಡಿಲ್ಲ. ಮನುಷ್ಯರ ಮೂಗು ಸಾಯುವ ಕಡೆ ಕೆಲಸ ಮಾಡಲು ಅವರು ತಗಡಿನ ಮೂಗು ತಂದಿದ್ದರು. ನೋಡುವುದಕ್ಕೆ ಕೋಟಿನ ಬಟನ್ನಿನಷ್ಟು. ಮೇಲೊಂದು ತಗಡಿನ ಟೋಪಿ, ಟೋಪಿಯ ತುದಿಗೆ ಸಣ್ಣ ಜಾಲರಿ. ಒಳಗೆ ತವರದ ತುಕ್ಕಿನಂಥ ಪುಡಿ ಬಳಿದ ಒಂದು ಚೂರು, ಅದನ್ನು ಕಾಯಿಸಲು ಕೂದಲಿನಂಥ ತಂತಿ. ಕಾದ ಆ ಚೂರಿಗೆ ಥಿನ್ನರಿನದೋ ಸ್ಪಿರಿಟ್ಟಿನದೋ ಆವಿ ತಾಗಿತೋ, ಅದರೊಳಗೆ ಕರೆಂಟು ಸಲೀಸಾಗಿ ಹರಿಯುತ್ತದಂತೆ. ಸೆಮಿಕಂಡಕ್ಟರ್ ಸೆನ್ಸಾರ್ ಅಂತ ಅದರ ಹೆಸರು. ಕಾರ್ಖಾನೆಯಲ್ಲಿ ಎಲ್ಲರ ಬಾಯಲ್ಲೂ ಅದು ಮೂಗು.

ಲ್ಯಾಬಿನ ಮೇಜಿನ ಮೇಲೆ ಒಂದು ದೊಡ್ಡ ಪೆಟ್ಟಿಗೆ, ಅದರಲ್ಲಿ ನಾಲ್ಕು ಮೂಗು. ಒಂದೊಂದಕ್ಕೂ ಒಂದೊಂದು ಚಾಳಿ. ಒಂದಕ್ಕೆ ಸ್ಪಿರಿಟ್ಟು ಕಂಡರೆ ಆಗುವುದಿಲ್ಲ, ಇನ್ನೊಂದು ಸೀಮೆಣ್ಣೆಗೆ ಸಿಡಿಯುತ್ತದೆ. ಪಕ್ಕದಲ್ಲಿ ಕಾಗದದ ಸುರುಳಿ ಓಡುವ ಯಂತ್ರ, ಅದಕ್ಕೆ ಕೆಂಪು, ನೀಲಿ, ಹಸಿರು, ಕಪ್ಪು ನಾಲ್ಕು ಪೆನ್ನು. ಡ್ರಮ್ಮಿನಿಂದ ಒಂದು ತೊಟ್ಟು ತೆಗೆದು ಬಾಟಲಿಗೆ ಬಿಟ್ಟು ಮೂಗಿಗೆ ಹಿಡಿದರೆ ನಾಲ್ಕು ಪೆನ್ನೂ ಏಳುತ್ತವೆ. ಯಾವುದು ಬೇಗ ಏಳುತ್ತದೆ, ಯಾವುದು ನಿಧಾನಕ್ಕೆ ಇಳಿಯುತ್ತದೆ ಅನ್ನುವುದರ ಮೇಲೆ ಡ್ರಮ್ಮಿನಲ್ಲಿ ಇರುವುದೇನು ಅಂತ ಸಾರ್ ಹೇಳುತ್ತಿದ್ದರು. ಇದಲ್ಲದೆ ನೆಲದಡಿಯ ಥಿನ್ನರಿನ ಟ್ಯಾಂಕು ತೊಳೆಯಲು ಇಳಿಯುವ ಮುಂಚೆ ಒಳಗಿನ ಗಾಳಿ ನೋಡಲು ಒಂದು ಕೈಮೂಗು ಇತ್ತು, ಉದ್ದ ಕೊಳವೆಯದು. ಅದನ್ನು ಇಳಿಬಿಟ್ಟು ನೋಡದೆ ಯಾರೂ ಟ್ಯಾಂಕಿಗೆ ಇಳಿಯಬಾರದು ಅಂತ ಬೋರ್ಡು ಬರೆಸಿದ್ದರು.

ಸಾರ್ ಒಂದು ಮಾತು ಪದೇಪದೇ ಹೇಳುತ್ತಿದ್ದರು. "ಅಕ್ಕ, ಇದು ಬಿಸಿ ಇದ್ರೆ ಮೂಗು. ತಣ್ಣಗಾದ್ರೆ ಬರೀ ತಗಡು. ಪ್ಲಗ್ ಮಾತ್ರ ಮುಟ್ಟಬೇಡಿ." ಅದಕ್ಕೇ ಹಗಲೂ ರಾತ್ರಿ ಕರೆಂಟು ಕೊಟ್ಟೇ ಇಟ್ಟಿರುತ್ತಿದ್ದರು. ಒಂದು ಸಲ ತಣ್ಣಗಾದರೆ ಮತ್ತೆ ಕಾಯಿಸಿ ಒಂದು ದಿನ ಬಿಟ್ಟ ಮೇಲೇ ಅದರ ಮಾತು ನಂಬಬಹುದು.

ಗುಡಿಸಿದ ಮೇಲೆ ಕಾಗದ ಹರಿದು ಅದರ ಮೂಲೆಯಲ್ಲಿ ಪೆನ್ಸಿಲ್ಲಿನಿಂದ ಟೈಮು ಬರೆದಿಡುವುದನ್ನೂ ನನಗೇ ವಹಿಸಿದ್ದರು. ದಿನಾ ನೋಡಿ ನೋಡಿ ನನಗೂ ಗೆರೆಗಳ ಗುರುತು ಹತ್ತಿತು. ಇಂಗ್ಲಿಷು ಬರದಿದ್ದರೇನು, ಬೆಟ್ಟದ ಆಕಾರ ನೋಡಿ ಯಾವ ಬೆಟ್ಟ ಅನ್ನಲ್ಲವೇ, ಹಾಗೆ. ಒಂದು ದಿನ ಮಾಲು ತಂದ ಮನುಷ್ಯನೊಬ್ಬ ಕೂತಿದ್ದಾಗ ನಾನು ಪೊರಕೆ ಹಿಡಿದುಕೊಂಡೇ, "ಸಾರ್, ಇದ್ರಲ್ಲಿ ಸೀಮೆಣ್ಣೆ ಸೇರೈತೆ" ಅಂದೆ.

"ಕಸ ಗುಡ್ಸೋರ ಕೈಲಿ ಟೆಸ್ಟ್ ಮಾಡಿಸ್ತೀರಾ ಸಾರ್?" ಅಂದ ಅವನು.

"ಕಸ ಯಾವುದು ಅಂತ ಅವ್ರಿಗಲ್ದೆ ಇನ್ಯಾರಿಗ್ರೀ ಗೊತ್ತಾಗಬೇಕು?" ಅಂದರು ಸಾರ್. ಡ್ರಮ್ಮುಗಳು ವಾಪಸ್ಸು ಹೋದವು.

ಈಗ ಮಾದೇವನ ವಿಷಯ. ಮಾದೇವ ನನ್ನ ಅಳಿಯ, ಮಗಳು ಸುಜಾತಳ ಗಂಡ. ಆ ಕಾರ್ಖಾನೆಗೆ ಅವನನ್ನು ಸೇರಿಸಿದವಳು ನಾನೇ. ಒಳ್ಳೆಯ ಕೆಲಸಗಾರ, ಸಂಜೆಯಾದರೆ ಕುಡಿಯುತ್ತಿದ್ದ. ಅವನೊಬ್ಬನೇ ಅಲ್ಲ, ಸುಮಾರು ಜನ ಕುಡಿಯುತ್ತಿದ್ದರು. ಹಾಗಾಗಿ ಬೆಳಿಗ್ಗೆ ಕೆಲಸಕ್ಕೆ ಬಂದವರೆಲ್ಲ ಲ್ಯಾಬಿನ ಪೆಟ್ಟಿಗೆಗೆ ಒಂದು ಸಲ ಊದಿ ಹೋಗಬೇಕು ಅಂತ ಮೇಲಿನವರು ಮಾಡಿದರು. ಬರೀ ಉಸಿರಿಗೆ ಉಳಿದ ಪೆನ್ನುಗಳು ಅಷ್ಟಿಷ್ಟು ಏಳುತ್ತಿದ್ದವು. ರಾತ್ರಿಯ ಸಾರಾಯಿ ಬೆಳಿಗ್ಗೆ ಉಸಿರಿನಲ್ಲಿ ಉಳಿದಿದ್ದರೂ ಹಸಿರು ಪೆನ್ನು ಎದ್ದು ನಿಲ್ಲುತ್ತಿತ್ತು. ಲವಂಗ ಅಗಿದರೂ ಅಷ್ಟೇ, ಏಲಕ್ಕಿ ಅಗಿದರೂ ಅಷ್ಟೇ.

ಮಾದೇವನ ಗೆರೆ ಎಲ್ಲರಿಗೂ ಗೊತ್ತಿತ್ತು. ಅವನಿಗೆ ಚಿಕ್ಕಂದಿನಿಂದ ಉಬ್ಬಸ. ಒಂದೇ ಉಸಿರಿಗೆ ಊದಲು ಆಗುತ್ತಿರಲಿಲ್ಲ. ಸ್ವಲ್ಪ ಊದಿ, ನಿಂತು, ಎಳೆದುಕೊಂಡು ಮತ್ತೆ ಊದುವನು. ಉಳಿದವರದು ಒಂದೇ ಗುಡ್ಡವಾದರೆ ಇವನದು ಎರಡು, ಮೊದಲನೆಯದು ದೊಡ್ಡದು, ಎರಡನೆಯದು ಗಿಡ್ಡ. ಹುಡುಗರು ಅದಕ್ಕೆ ಮಾದೇವನ ಒಂಟೆ ಅಂತ ಹೆಸರಿಟ್ಟಿದ್ದರು. "ಬಂತು ನೋಡ್ರಪ್ಪ ಒಂಟೆ, ಇವತ್ತು ನೀರು ಕುಡ್ದೈತೋ ಬೇರೆ ಏನಾದ್ರೂ ಕುಡ್ದೈತೋ" ಅಂತ ಪೆನ್ನು ನೋಡಲು ಗುಂಪು ಕಟ್ಟುತ್ತಿದ್ದರು. ಅವನೂ ನಗುತ್ತಿದ್ದ.

ಎರಡನೇ ಮಗು ಹುಟ್ಟಿದ ಮೇಲೆ ಬಿಟ್ಟೆ ಅಂದ. ನಾನು ನಂಬಲಿಲ್ಲ. ಹಾಗೆ ಬಿಟ್ಟವರನ್ನು ನಮ್ಮ ಬೀದಿಯಲ್ಲೇ ಬೇಕಾದಷ್ಟು ನೋಡಿದ್ದೆ. ಸುಜಾತ ನಂಬಿದ್ದಳು. ಮೂರು ನಾಲ್ಕು ತಿಂಗಳು ಹಸಿರು ಪೆನ್ನು ಏಳಲಿಲ್ಲ ಅನ್ನುವುದೂ ನಿಜ. ಆದರೂ ದಿನಾ ಕಾಗದ ಹರಿಯುವಾಗ ನಾನು ಮೊದಲು ಅವನ ಗೆರೆಯನ್ನೇ ಹುಡುಕುತ್ತಿದ್ದೆ, ಇವತ್ತು ಸಿಕ್ಕಿಬೀಳುತ್ತಾನೆ ಅಂತ.

ಆಯುಧ ಪೂಜೆ ಬಂತು. ಎರಡು ಸಾವಿರ ಇಸವಿ ಕಳೆದು ಒಂದೆರಡು ವರ್ಷ ಆಗಿರಬೇಕು. ಮೈಸೂರಿನವರಿಗೆ ಹೇಳಬೇಕಾಗಿಲ್ಲ, ಆ ದಿನ ಎಲ್ಲ ಕಡೆಯೂ ಕರೆಂಟಿನ ಮೇನ್ ಸ್ವಿಚ್ಚು ತೆಗೆದು, ಯಂತ್ರ ತೊಳೆದು, ವಿಭೂತಿ ಕುಂಕುಮ ಹಚ್ಚಿ ಹೂ ಹಾಕುತ್ತಾರೆ. ಪೂಜೆ ಆದ ಸಾಮಾನನ್ನು ಆವತ್ತು ಯಾರೂ ಮುಟ್ಟುವುದಿಲ್ಲ. ನಮ್ಮ ಸೂಪರ್‌ವೈಸರ್ ಕೆಂಪಣ್ಣನಿಗೆ ಇದರಲ್ಲಿ ಬಹಳ ನೇಮ. ಹಿಂದಿನ ಸಂಜೆಯೇ ಮಣೆಯ ಮೇಲೆ ಸ್ಪ್ಯಾನರ್ರು, ಸುತ್ತಿಗೆ, ತಕ್ಕಡಿ ಎಲ್ಲ ಜೋಡಿಸಿ ಇಟ್ಟಿದ್ದ. ಟ್ಯಾಂಕಿನ ಕೈಮೂಗನ್ನೂ ಅದರ ಜೊತೆ ಇಟ್ಟು, ಜಾಲರಿಯ ಮೇಲೆ ವಿಭೂತಿ ಬಳಿದು ಕುಂಕುಮ ಇಟ್ಟಿದ್ದ. ನೋಡಿದೆ. ಜಾಲರಿಗೆ ಬೂದಿ ಹೋದರೆ ಹಾಳಾಗುತ್ತದೆ ಅಂತ ಗೊತ್ತಿತ್ತು. ಸಾರ್ ರಜದ ಮೇಲೆ ಊರಿಗೆ ಹೋಗಿದ್ದರು. ಬಂದು ಅವರೇ ಬೈಯಲಿ ಅಂತ ಸುಮ್ಮನಾದೆ.

ಹಬ್ಬದ ದಿನ ನಾನು ಎಂಟೂವರೆಗೆ ಹೋದೆ. ಆಗಲೇ ಮೇನ್ ತೆಗೆದಿತ್ತು. ಹತ್ತೂವರೆಗೆ ಪೂಜೆ, ಕುಂಬಳಕಾಯಿ ಒಡೆದರು, ಕಡ್ಲೆಪುರಿ ಹಂಚಿದರು. ಮಾದೇವ ಕಾಣಲಿಲ್ಲ. ಆರೂವರೆಗೇ ಮನೆ ಬಿಟ್ಟಿದ್ದ ಅಂತ ನನಗೆ ಗೊತ್ತಿತ್ತು.

"ಎಲ್ಲೋದ ನನ್ನ ಅಳಿಯ?" ಅಂತ ಕೆಂಪಣ್ಣನನ್ನು ಕೇಳಿದೆ.

"ಹಬ್ಬ ಅಲ್ವಾ ಕಣಮ್ಮ, ಎಲ್ಲೋ ಹಾಕ್ಕೊಂಡು ಬಿದ್ದಿರ್ತಾನೆ. ಬರ್ತಾನೆ ಬುಡು."

ಮುಖ ನೋಡದೆ ಕಡ್ಲೆಪುರಿ ಕಟ್ಟುತ್ತಾ ಅಂದ. ನಾನೂ ಹಾಗೇ ಅಂದುಕೊಂಡೆ. ನಾನು ಹೇಳಿದ್ದು ಕೊನೆಗೂ ನಿಜವಾಯಿತಲ್ಲ ಅಂತ ಒಳಗೊಳಗೇ ಒಂದು ಥರ ಸಮಾಧಾನವೂ ಆಯಿತು. ಇದನ್ನು ಬರೆಯಲು ನಾಚಿಕೆಯಿದೆ, ಆದರೂ ಇದ್ದದ್ದು ಅದೇ.

ಒಂದು ಗಂಟೆಗೆ ಎಲ್ಲರೂ ಮನೆಗೆ ಹೋದರು. ಉಳಿದವರು ಗೇಟಿನಲ್ಲಿ ವಾಚ್‌ಮನ್ ಬೋರಯ್ಯ, ಒಳಗೆ ಚೆಲ್ಲಿದ ಹೂವು, ಕುಂಬಳಕಾಯಿ ಹೋಳು, ಎಣ್ಣೆ ಒರೆಸಲು ನಾನು. ಲ್ಯಾಬಿಗೆ ಬಂದದ್ದು ಕೊನೆಗೆ. ಬಾಗಿಲು ಹಾಕಿತ್ತು, ಬೀಗ ತೆಗೆದು ಒಳಗೆ ಹೋದೆ. ಮೇಜಿನ ಮೇಲೆ ಪೆಟ್ಟಿಗೆಗೆ ಸೇವಂತಿಗೆ ಹಾರ, ಕಾಗದದ ಯಂತ್ರಕ್ಕೆ ಕುಂಕುಮ. ಪ್ಲಗ್ಗು ಕಿತ್ತು ಮೇಜಿನ ಮೇಲೇ ಇಟ್ಟಿದ್ದರು, ಅದಕ್ಕೂ ಒಂದು ಬೊಟ್ಟು. ಕಿಟಕಿ ಮುಚ್ಚಿತ್ತು. ನಡು ಮಧ್ಯಾಹ್ನ, ಬಿಸಿಲು ಚೆನ್ನಾಗಿತ್ತು, ಕತ್ತಲೆಯ ಮಾತೇ ಇಲ್ಲ.

ಮಂಡಿಯೂರಿ ನೆಲ ಒರೆಸುತ್ತಿದ್ದೆ. ಮೇಲಿನಿಂದ ಕರಕರ ಸದ್ದು. ಅದು ಕಾಗದ ಓಡುವ ಸದ್ದು, ದಿನಾ ಕೇಳುವವಳಿಗೆ ತಪ್ಪುವುದಿಲ್ಲ. ಕರೆಂಟು ಬಂತೇನೋ ಅಂತ ತಲೆ ಎತ್ತಿದೆ. ಪ್ಲಗ್ಗು ಮೇಜಿನ ಮೇಲೆ ಇಟ್ಟ ಹಾಗೇ ಇತ್ತು. ಫ್ಯಾನು ನಿಂತಿತ್ತು. ಕಾಗದ ಮಾತ್ರ ಓಡುತ್ತಿತ್ತು. ಕೆಂಪು ಪೆನ್ನು ಎದ್ದಿತು, ನೀಲಿ ಅದರ ಹಿಂದೆ, ಕಪ್ಪು ಸ್ವಲ್ಪ. ಹಸಿರು ಅಲುಗಲಿಲ್ಲ. ಪೆನ್ನುಗಳು ಮೇಲೆ ಹೋಗಿ ಇಳಿದವು. ಒಂದು ಕ್ಷಣ ನಿಂತವು. ಮತ್ತೆ ಎದ್ದವು, ಈ ಸಲ ಗಿಡ್ಡಕ್ಕೆ. ಇಳಿದವು. ಕಾಗದ ನಿಂತಿತು. ಎಲ್ಲ ಸೇರಿ ಒಂದು ಗೇಣು ಓಡಿರಬಹುದು.

ಗೋಡೆಯ ಗಡಿಯಾರ ಸೆಲ್ಲಿನದು. ಮೂರು ಗಂಟೆ ಆಗಿತ್ತು.

ಹೆದರಿದೆನೇ ಅಂತ ಕೇಳಿದರೆ, ಇಲ್ಲ. ನನಗೆ ಬಂದದ್ದು ಸಿಟ್ಟು. ಆ ಒಂಟೆ ಯಾರದು ಅಂತ ಬಿಡಿಸಿ ಹೇಳಬೇಕೇ? ಕುಡಿದು ಬಂದು ಎಲ್ಲೋ ಅಡಗಿಕೊಂಡು ಆಟ ಆಡುತ್ತಿದ್ದಾನೆ ಅಂದುಕೊಂಡೆ. ಹೇಗೆ ಆಡಿಸಿದ ಅಂತ ಆ ಗಳಿಗೆಯಲ್ಲಿ ಯೋಚನೆಗೇ ಬರಲಿಲ್ಲ. ಮೇಜಿನ ಕೆಳಗೆ ನೋಡಿದೆ, ಬೀರುವಿನ ಹಿಂದೆ ನೋಡಿದೆ. "ಲೇ ಮಾದೇವ, ಮಾನ ಮರ್ಯಾದೆ ಇದ್ರೆ ಆಚೆ ಬಾ" ಅಂತ ಕೂಗಿದೆ. ಪೆಟ್ಟಿಗೆ ಮುಟ್ಟಿ ನೋಡಿದೆ. ಹಾರದ ಕೆಳಗೆ ಮೂಗು ನಾಲ್ಕೂ ಹೆಣದ ಹಾಗೆ ತಣ್ಣಗಿದ್ದವು. ಕಾಗದ ಹರಿದು ಮಡಿಸಿ ರವಿಕೆಯೊಳಗೆ ಇಟ್ಟುಕೊಂಡು, ಅವನನ್ನು ಹಿಡಿದು ಮುಖಕ್ಕೆ ಉಗಿಯಬೇಕು ಅಂತ ಅಂಗಳಕ್ಕೆ ಹೋದೆ.

ಡ್ರಮ್ಮುಗಳ ಹಿಂದೆ ಹುಡುಕಿದೆ. ಅಲ್ಲಿಂದ ನೆಲದಡಿಯ ಟ್ಯಾಂಕಿನ ಕಡೆಗೆ ಹೋದೆ, ಅಲ್ಲಿಗೆ ಹಬ್ಬದ ದಿನ ಯಾರೂ ಹೋಗುತ್ತಿರಲಿಲ್ಲ. ಮುಚ್ಚಳ ಪಕ್ಕಕ್ಕೆ ಸರಿಸಿತ್ತು. ಬಾಯಿಗೆ ಒಂದು ಗೋಣಿತಾಟು ಹೊದಿಸಿತ್ತು. ತಾಟಿನ ಪಕ್ಕ ಅವನ ಚಪ್ಪಲಿ, ಜೋಡಿಯಾಗಿ ಬಿಟ್ಟದ್ದು. ಏಣಿಯ ತುದಿ ಕಾಣುತ್ತಿತ್ತು.

ತಾಟು ಎಳೆದೆ. ಕೆಳಗೆ ಕತ್ತಲೆ. ಬಿಳಿ ಬನಿಯನ್ನಿನ ಬೆನ್ನು ಕಂಡಿತು.

ಕಿರುಚಿದೆ. ಬೋರಯ್ಯ ಓಡಿಬಂದ. ಬಗ್ಗಿ ನೋಡಿ, ಅಂಗಿ ಬಿಚ್ಚಿ ಏಣಿಗೆ ಕಾಲಿಟ್ಟ. ನಾನು ಅವನ ರಟ್ಟೆ ಹಿಡಿದು ಎಳೆದೆ.

"ಬುಡಮ್ಮ, ನಿನ್ನ ಅಳಿಯ ಕಣಮ್ಮ ಅವ್ನು."

"ಇಳೀಬ್ಯಾಡ. ಇಳಿದ್ರೆ ನೀನೂ ಅಲ್ಲೇ ಬೀಳ್ತೀಯ. ಎರಡು ಹೆಣ ಎತ್ತಬೇಕಾಯ್ತದೆ."

ಸಾರ್ ಇದನ್ನು ಹತ್ತು ಸಲ ಹೇಳಿದ್ದರು. ಟ್ಯಾಂಕಿನಲ್ಲಿ ಬಿದ್ದವನನ್ನು ಎತ್ತಲು ಹೋದವನು ಬಿದ್ದವನಿಗಿಂತ ಬೇಗ ಸಾಯುತ್ತಾನೆ ಅಂತ. ಆಚೆ ರಸ್ತೆಯಲ್ಲಿ ಹೋಗುತ್ತಿದ್ದವನೊಬ್ಬನಿಗೆ ಕೂಗಿ ಹೇಳಿ ಫೋನು ಮಾಡಿಸಿದೆವು. ಬೆಂಕಿ ಆರಿಸುವವರು ಮುಖವಾಡ ತಂದು ಇಳಿದು ಎತ್ತುವ ಹೊತ್ತಿಗೆ ಅರ್ಧ ಗಂಟೆಯ ಮೇಲಾಗಿತ್ತು. ಅಷ್ಟು ಹೊತ್ತೂ ಬೋರಯ್ಯ ಅಳುತ್ತಿದ್ದ. ನಾನು ಅಳಲಿಲ್ಲ, ಅವನ ಕೈಯನ್ನೂ ಬಿಡಲಿಲ್ಲ.

ಮೇಲೆ ತಂದಾಗ ಮಾದೇವ ಸತ್ತಿದ್ದ. ಮೈ ತಣ್ಣಗಿತ್ತು. ಬೆಳಿಗ್ಗೆ ಎಂಟರಿಂದ ಹತ್ತರ ಒಳಗೆ ಸತ್ತಿದ್ದಾನೆ ಅಂತ ಡಾಕ್ಟರು ಬರೆದರು. ಮೈಯೆಲ್ಲ ಥಿನ್ನರ್ರು ತುಂಬಿದ್ದರಿಂದ ಕುಡಿದಿದ್ದನೋ ಇಲ್ಲವೋ ಹೇಳಲು ಆಗುವುದಿಲ್ಲ ಅಂತಲೂ ಬರೆದರು.

ಕೆಂಪಣ್ಣ ಹೇಳಿದ್ದು ಒಂದೇ ಮಾತು. ನಾನು ಇಳಿಸಲಿಲ್ಲ, ಟ್ಯಾಂಕು ತೊಳೆಯಲು ಹೇಳೇ ಇಲ್ಲ, ಕುಡಿದು ಬಂದು ತಾನಾಗಿ ಇಳಿದಿದ್ದಾನೆ ಅಂತ. ಮೇಲಿನವರಿಗೂ ಅದೇ ಬೇಕಾಗಿತ್ತು. ಮಾದೇವನ ಹಳೆಯ ಹಸಿರು ಗೆರೆಗಳೆಲ್ಲ ಸಾರ್ ರಿಜಿಸ್ಟರಿನಲ್ಲಿ ಅಂಟಿಸಿ ಇಟ್ಟಿದ್ದೇ ಇದ್ದವಲ್ಲ, ಅವನ್ನು ತೆಗೆದು ತೋರಿಸಿದರು. ನೋಡಿ, ಮನುಷ್ಯ ಮೊದಲಿಂದಲೂ ಹೀಗೇ ಅಂತ.

ಮಣ್ಣು ಮಾಡಿ ಬಂದ ಸಂಜೆ ಸುಜಾತ ನನ್ನ ಮುಂದೆ ಕೂತಳು. "ಅವ್ವ, ನಾನೇ ಕಾಫಿ ಕೊಟ್ಟು ಕಳಿಸ್ದೆ. ಅವ್ರು ಕುಡ್ದಿರ್ಲಿಲ್ಲ. ನೀನಾದ್ರೂ ನಂಬ್ತೀಯೋ ಇಲ್ವೋ ಹೇಳು."

ನನ್ನ ಕೈ ಎದೆಯ ಮೇಲೆ ಹೋಯಿತು. ರವಿಕೆಯಲ್ಲಿ ಆ ಕಾಗದ ಇತ್ತು.

ಊರಿನಿಂದ ಸಾರ್ ಬಂದ ದಿನ ನಾನು ಲ್ಯಾಬಿಗೆ ಹೋಗಿ ಅದನ್ನು ಮೇಜಿನ ಮೇಲೆ ಬಿಡಿಸಿಟ್ಟೆ. ಅವರು ರಿಜಿಸ್ಟರು ತೆಗೆದು ಪಕ್ಕದಲ್ಲಿ ಇಟ್ಟುಕೊಂಡು ಬಹಳ ಹೊತ್ತು ನೋಡಿದರು. ಸ್ಕೇಲು ಇಟ್ಟು ಅಳೆದರು.

"ಮಾದೇವಂದೇ. ಹಸಿರು ಎದ್ದೇ ಇಲ್ಲ, ಒಂದು ತೊಟ್ಟೂ ಕುಡಿದಿಲ್ಲ ಇವನು. ಬೆಳಿಗ್ಗೆ ಕೆಲಸಕ್ಕೆ ಬಂದವನು ಊದಿರೋದು ಅಲ್ವಾ ಅಕ್ಕ? ಟೈಮ್ ಯಾಕೆ ಬರೆದಿಲ್ಲ?"

"ಮೂರು ಗಂಟೆ ಸಾರ್. ಮಧ್ಯಾಹ್ನ. ನನ್ನ ಕಣ್ಣೆದುರಿಗೆ ಓಡಿದ್ದು. ಪ್ಲಗ್ಗು ಹಾಕಿರಲಿಲ್ಲ."

ಅವರು ನನ್ನ ಮುಖ ನೋಡಿದರು. ನಾನು ಸುಳ್ಳು ಹೇಳುವವಳಲ್ಲ ಅಂತ ಅವರಿಗೆ ಗೊತ್ತಿತ್ತು. ಅದೇ ಅವರಿಗೆ ಕಷ್ಟವಾಯಿತು ಅಂತ ಕಾಣುತ್ತದೆ.

"ಕರೆಂಟಿಲ್ಲದೆ ಕಾಗದ ಓಡಲ್ಲ ಅಕ್ಕ. ಓಡಿದ್ರೂ, ತಣ್ಣಗಿರೋ ಮೂಗಿಗೆ ವಾಸನೆ ಹತ್ತಲ್ಲ. ಹತ್ತಿದ್ರೂ, ಸತ್ತವನು..." ಅಲ್ಲಿಗೆ ನಿಲ್ಲಿಸಿದರು. ಆಮೇಲೆ ನಿಧಾನಕ್ಕೆ ಅಂದರು. "ಮೂರು ಗಂಟೆ ಅಂತ ನೀವು ಹೇಳಿದ್ರೆ ಇದು ಹರಿದ ಕಾಗದ. ಯಾರೂ ಮುಟ್ಟಿಯೂ ನೋಡಲ್ಲ. ಬೆಳಿಗ್ಗೇದು ಅಂದ್ರೆ ಅವನು ಕುಡಿದಿರಲಿಲ್ಲ ಅನ್ನೋದಕ್ಕೆ ಇರೋ ಸಾಕ್ಷಿ ಇದೊಂದೇ."

ಅಷ್ಟು ಹೇಳಿ ಎದ್ದು ಹೋಗಿ ಕಿಟಕಿಯ ಹತ್ತಿರ ನನಗೆ ಬೆನ್ನು ಹಾಕಿ ನಿಂತರು. ಪೆನ್ಸಿಲ್ಲು ಯಾವಾಗಲೂ ಇರುವ ಕಡೆಯೇ ಇತ್ತು. ನಾನು ತೆಗೆದುಕೊಂಡು ಕಾಗದದ ಮೂಲೆಯಲ್ಲಿ ದಿನಾ ಬರೆಯುವ ಹಾಗೇ ಬರೆದೆ. ಏಳೂವರೆ.

ವಿಚಾರಣೆಗೆ ಸರ್ಕಾರದ ಒಬ್ಬ ಆಫೀಸರು ಬಂದರು. ಆವತ್ತು ಏಳಕ್ಕೇ ಬಂದಿದ್ದೆ, ಏಳೂವರೆಗೆ ಮಾದೇವ ಊದಿದ, ಪೂಜೆಯ ಗಡಿಬಿಡಿಯಲ್ಲಿ ಕಾಗದ ನನ್ನ ಹತ್ತಿರವೇ ಉಳಿಯಿತು ಅಂತ ಹೇಳಿದೆ. ಹಬ್ಬದ ದಿನ ಹಾಜರಿ ಇರಲಿಲ್ಲವಾದ್ದರಿಂದ ಯಾರೂ ಅಲ್ಲ ಅನ್ನಲು ಆಗಲಿಲ್ಲ. ಸಾರ್ ರಿಜಿಸ್ಟರು ತೋರಿಸಿ ಗೆರೆ ವಿವರಿಸಿದರು. ಆಫೀಸರು ಕೆಂಪಣ್ಣನ ಕಡೆ ತಿರುಗಿ ಮೇನ್ ಎಷ್ಟು ಹೊತ್ತಿಗೆ ತೆಗೆದೆ ಅಂತ ಕೇಳಿದರು. ಕೆಂಪಣ್ಣ ಬಾಯಿ ತೆರೆದ, ನನ್ನನ್ನು ನೋಡಿದ, ಬಾಯಿ ಮುಚ್ಚಿದ. ಆಮೇಲೆ "ಎಂಟಕ್ಕೆ ಸಾರ್" ಅಂದ.

ಕುಡಿಯದ ಮನುಷ್ಯ ಹಬ್ಬದ ದಿನ ತಾನಾಗಿ ಟ್ಯಾಂಕಿಗೆ ಯಾಕೆ ಇಳಿಯುತ್ತಾನೆ ಅನ್ನುವ ಪ್ರಶ್ನೆ ಬಂತು. ಕೈಮೂಗು ಎಲ್ಲಿತ್ತು ಅನ್ನುವ ಪ್ರಶ್ನೆ ಬಂತು. ಅದು ಪೂಜೆಯ ಮಣೆಯ ಮೇಲೆ ವಿಭೂತಿ ಬಳಿದುಕೊಂಡು ಕೂತಿದ್ದನ್ನು ಇಪ್ಪತ್ತು ಜನ ನೋಡಿದ್ದರು. ಕೆಂಪಣ್ಣನ ಕೆಲಸ ಹೋಯಿತು. ಮಾದೇವ ಕುಡಿದಿರಲಿಲ್ಲ ಅಂತ ಸರ್ಕಾರದ ಕಾಗದದಲ್ಲಿ ಬಂತು. ಸುಜಾತ ಅದರ ನಕಲು ತರಿಸಿ, ಮಕ್ಕಳು ದೊಡ್ಡವರಾದ ಮೇಲೆ ಓದಲಿ ಅಂತ ಟ್ರಂಕಿನಲ್ಲಿ ಇಟ್ಟಳು. ಬೀದಿಯಲ್ಲಿ ಆ ಮಕ್ಕಳನ್ನು ಕುಡುಕನ ಮಕ್ಕಳು ಅಂತ ಯಾರೂ ಕರೆಯಲಿಲ್ಲ.

ಏಳೆಂಟು ವರ್ಷ ಆದ ಮೇಲೆ ಶ್ರೀರಾಂಪುರದ ಬಸ್‌ಸ್ಟಾಪಿನಲ್ಲಿ ಕೆಂಪಣ್ಣ ಸಿಕ್ಕಿದ. ಗುರುತು ಸಿಗದಷ್ಟು ಇಳಿದುಹೋಗಿದ್ದ. ಅವನೇ ಬಂದು ಪಕ್ಕದಲ್ಲಿ ಕೂತ. ಬೈಯುತ್ತಾನೆ ಅಂತ ನಾನೂ ಸೆರಗು ಬಿಗಿದುಕೊಂಡೆ. ಅವನು ಬೈಯಲಿಲ್ಲ.

"ಒಂದು ಕೇಳ್ತೀನಿ, ಸುಳ್ಳು ಹೇಳ್ಬ್ಯಾಡ. ಅವತ್ತು ನಾನು ಮೇನ್ ತೆಗ್ದಿದ್ದು ಏಳಕ್ಕೆ. ಎಂಟಕ್ಕಲ್ಲ. ಟ್ಯಾಂಕಿಗೆ ಗಾಳಿ ಊದೋ ಬ್ಲೋವರ್ರು ಇಲ್ದೆ, ಮೂಗು ಇಲ್ದೆ ಇಳಿಸ್ದೆ ಅಂತ ಆಯ್ತದಲ್ಲ ಅಂತ ವಿಚಾರಣೇಲಿ ಎಂಟು ಅಂದೆ. ಏಳೂವರೆಗೆ ಆ ಪೆಟ್ಟಿಗೆ ಸತ್ತಿತ್ತು. ಆದ್ರೆ ಗೆರೆ ಅವಂದೇ, ನಂಗೂ ಗೊತ್ತು ಒಂಟೆ. ಅವ್ನು ಊದಿದ್ದು ಯಾವಾಗ?"

ಅಂದರೆ ಇಳಿಸಿದ್ದು ಇವನೇ. ನಾನು ಬೈಯಬೇಕಿತ್ತು.

"ಅವ್ನು ಮೂಗು ಕೇಳ್ಲಿಲ್ವಾ?" ಅಂದೆ.

"ಕೇಳ್ದ. ಪೂಜೆಗೆ ಇಟ್ಬುಟ್ಟಿದೀನಿ ಕಣೋ, ಕುಂಕುಮ ಹಚ್ಚಾಗದೆ, ಮುಟ್ಬಾರ್ದು, ಐದು ನಿಮಿಷದ ಕೆಲ್ಸ ಅಂದೆ. ಸರಿ ಅಣ್ಣ ಅಂದ." ಕೈಗಳನ್ನು ನೋಡಿಕೊಂಡ. "ಪೂಜೆ ಹೊತ್ತಿಗೆ ಹೋಗಿ ನೋಡ್ದೆ. ತಾಟು ಮುಚ್ಚಿ ಬಂದ್ಬುಟ್ಟೆ. ಈಗ ಹೇಳು, ಊದಿದ್ದು ಯಾವಾಗ?"

"ಮೂರು ಗಂಟೆಗೆ" ಅಂದೆ.

ಅವನ ಬಸ್ಸು ಬಂತು, ಹೋಯಿತು, ಅವನು ಹತ್ತಲಿಲ್ಲ. ನನ್ನ ಬಸ್ಸು ಬಂದಾಗ ನಾನು ಹತ್ತಿದೆ. ತಿರುಗಿ ನೋಡಿದಾಗ ಇನ್ನೂ ಅಲ್ಲೇ ಕೂತಿದ್ದ. ಮುಂದಿನ ವರ್ಷ ಸತ್ತ ಅಂತ ಕೇಳಿದೆ.

ಸಾರ್ ಬೇರೆ ಊರಿಗೆ ಹೋಗುವ ಮುಂಚೆ ಒಂದು ಸಲ, ಯಂತ್ರದೊಳಗೆ ಎಲ್ಲೋ ಸ್ವಲ್ಪ ಕರೆಂಟು ಉಳಿದಿದ್ದಿರಬಹುದು ಅಕ್ಕ ಅಂದಿದ್ದರು. ಹೇಳುವಾಗ ನನ್ನ ಕಣ್ಣು ನೋಡಲಿಲ್ಲ. ಉಳಿದ ಕರೆಂಟಿಗೆ ಉಬ್ಬಸ ಬರುತ್ತದೆಯೇ ಅಂತ ಕೇಳಬೇಕು ಅಂದುಕೊಂಡೆ, ಕೇಳಲಿಲ್ಲ. ತಿಳಿದವರು ಯಾರಾದರೂ ಇದನ್ನು ಓದಿ ಬಿಡಿಸಿ ಹೇಳಿದರೆ ಕೇಳಲು ಈಗಲೂ ತಯಾರಿದ್ದೇನೆ.

ಅವನು ಕುಡಿದಿರಲಿಲ್ಲ ಅಂತ ತೋರಿಸಲು ಬಂದ ಅಂತ ಸುಜಾತ ಹೇಳುತ್ತಾಳೆ. ಮನೆಯಲ್ಲಿ ಅವಳೊಬ್ಬಳಿಗೆ ನಿಜ ಹೇಳಿದ್ದೆ. ಅವಳಿಗೆ ಅದು ಸಮಾಧಾನ, ಇರಲಿ. ನನ್ನನ್ನು ಕಾಡುವುದು ಬೇರೆ. ಎಂಟರಿಂದ ಹತ್ತು ಅಂತ ಡಾಕ್ಟರು ಬರೆದದ್ದು ಮೈ ತಣ್ಣಗಿತ್ತು ಅಂತ ತಾನೇ? ಥಿನ್ನರ್ರು ಬಿದ್ದ ಕಡೆ ಬದುಕಿರುವವರ ಮೈಯೂ ಮಂಜಿನ ಹಾಗೆ ತಣ್ಣಗಾಗುತ್ತದೆ, ನನ್ನ ಕೈಯಲ್ಲೇ ಎಷ್ಟು ಸಲ ಆಗಿದೆ. ಕೆಂಪಣ್ಣ ಮೇಲಿಂದ ಇಣುಕಿದನೇ ಹೊರತು ಮುಟ್ಟಿ ನೋಡಿರಲಿಲ್ಲ. ಕಾಗದದ ಮೇಲೆ ಒಂದು ಟೈಮು ಬರೆಯುವುದು ಎಷ್ಟು ಸುಲಭ ಅಂತ ನನಗೆ ಗೊತ್ತು. ಬದುಕಿದ್ದರೂ ಆ ಉಸಿರು ಟ್ಯಾಂಕಿನಿಂದ ಕಿಟಕಿ ಮುಚ್ಚಿದ ಲ್ಯಾಬಿಗೆ ಹೇಗೆ ಬಂತೋ, ಅದು ಬೇರೆ ಮಾತು. ಆದರೆ ಮೂರು ಗಂಟೆಗೆ ಅವನಲ್ಲಿ ಇನ್ನೊಂದು ಉಸಿರು ಉಳಿದಿದ್ದರೆ, ಅದಾದ ಮೇಲೆ ಅರ್ಧ ಗಂಟೆ ಬೋರಯ್ಯನ ರಟ್ಟೆ ಹಿಡಿದು, ಇಳಿಯಲು ಬಿಡದೆ ನಿಂತಿದ್ದವಳು ನಾನು.